ಅಕ್ಕಿ ಹೊತ್ತ ದೋಣಿ, ಅದಿರು ಹೊತ್ತ ಬಾರ್ಜ್

ಪತ್ರ: ನೀಲೇಶ್ವರದ ಕೋಟ್ಟಪ್ಪುರದಲ್ಲಿ ಹೌಸ್‌ಬೋಟ್ ಹತ್ತಿದ್ದೆವು. ಹಿಂದೆ ಇಂಥ ದೋಣಿಗಳಲ್ಲಿ ಅಕ್ಕಿ ಸಾಗಿಸುತ್ತಿದ್ದರಂತೆ. ಹಾಗಾದರೆ ಇದೂ ಬಾರ್ಜಾ? ಬೇಕಲದವರೆಗೆ ಜಲಮಾರ್ಗ ಬಂದರೆ ನಮ್ಮ ಅಡಿಕೆ, ಸಿಮೆಂಟು ನೀರಿನಲ್ಲೇ ಹೋಗಿಬರಬಹುದಾ?
– ಓದುಗರು, ಕುಂಬಳೆ

ಸಂಪಾದಕರ ಉತ್ತರ:

ಹೌದು, ಅದನ್ನೂ ಬಾರ್ಜ್ ಅನ್ನಬಹುದು. ಅಗಲ ಹೊಟ್ಟೆ, ನಿಧಾನದ ಓಟ. ಆಳವಿಲ್ಲದ ನೀರಿನಲ್ಲಿ ಜಾಸ್ತಿ ಭಾರ ಹೊರುವುದೇ ಅದರ ಕೆಲಸ.

ನೀವು ಹತ್ತಿದ ದೋಣಿಯ ಮೂಲ ಕೆಟ್ಟುವಳ್ಳಂ. ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟುತ್ತಿದ್ದರು. ಒಂದು ಮೊಳೆಯೂ ಇಲ್ಲ! ಮೇಲೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ ಬಳಿಯುತ್ತಿದ್ದರು. ದೊಡ್ಡ ದೋಣಿಯೊಂದು 30 ಟನ್‌ವರೆಗೆ ಹೊರುತ್ತಿತ್ತು. ಕುಟ್ಟನಾಡಿನ ಅಕ್ಕಿ ಜಲ್ಲೆ ಊರುತ್ತಾ ಕೊಚ್ಚಿಗೆ ಹೋಗುತ್ತಿದ್ದದ್ದು ಹೀಗೆ. ಲಾರಿ ಬಂತು, ದೋಣಿಗೆ ಕೆಲಸ ತಪ್ಪಿತು. 1990ರ ದಶಕದಲ್ಲಿ ಅದರ ಮೇಲೆ ಬಿದಿರಿನ ಮಾಡು ಎದ್ದಿತು, ಒಳಗೆ ಮಲಗುವ ಕೋಣೆ ಬಂತು. ಅಕ್ಕಿಯ ಜಾಗದಲ್ಲಿ ಪ್ರವಾಸಿಗರು ಕೂತರು. ಈ ಕಸುಬು ಉಳಿಯಿತಲ್ಲ, ನನಗೆ ಅದೇ ದೊಡ್ಡ ಸಂತೋಷ.

ಕಬ್ಬಿಣದ ಬಾರ್ಜ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದಕ್ಕೆ ಎಂಜಿನ್ ಇಲ್ಲ. ಟಗ್ ದೋಣಿ ಅದನ್ನು ಎಳೆಯಬೇಕು, ಇಲ್ಲವೇ ಹಿಂದಿನಿಂದ ನೂಕಬೇಕು. ಅಮೆರಿಕದ ಮಿಸಿಸಿಪ್ಪಿಯಲ್ಲಿ ಇಂಥ 15 ಬಾರ್ಜ್‌ಗಳನ್ನು ಒಟ್ಟಿಗೆ ಬಿಗಿದು ಒಂದೇ ದೋಣಿ ನೂಕುತ್ತದೆ. ಒಂದೊಂದರಲ್ಲೂ ಸುಮಾರು 1,500 ಟನ್ ಸರಕು. ಇನ್ನೊಂದು ಬಗೆ ತಾನೇ ಓಡುವಂಥದ್ದು. ಗೋವಾದ ಮಾಂಡವಿ, ಜುವಾರಿ ನದಿಗಳಲ್ಲಿ ಅದಿರು ಹೊತ್ತು ಮರ್ಮಗೋವಾ ಬಂದರಿಗೆ ಹೋಗುವುದು ಇವೇ. 2012ರಲ್ಲಿ ಅಲ್ಲಿ ಗಣಿಗಾರಿಕೆ ನಿಂತಾಗ ಬಾರ್ಜ್‌ಗಳೂ ನಿಂತವು. ನದಿ ಇತ್ತು, ನೀರಿತ್ತು, ಸರಕು ಇರಲಿಲ್ಲ.

ದ್ರವ ಸಾಗಿಸಲು ಟ್ಯಾಂಕರ್ ಬಾರ್ಜ್, ವಾಹನಗಳಿಗೆ ಬಯಲು ಡೆಕ್ಕಿನದ್ದು. ಸಿಗಂದೂರಿಗೆ ಹೋದವರಿಗೆ ಬಸ್ಸನ್ನೇ ಹೊತ್ತು ಶರಾವತಿ ಹಿನ್ನೀರು ದಾಟಿಸುತ್ತಿದ್ದ ಲಾಂಚ್ ನೆನಪಿರುತ್ತದೆ ಅಲ್ವಾ? 2025ರ ಜುಲೈಯಲ್ಲಿ ಅಲ್ಲಿಗೆ ಸೇತುವೆ ಬಂತು.

ಇನ್ನು ಬೇಕಲದ ಮಾತು. ಕೋವಳಂನಿಂದ ಬೇಕಲಕ್ಕೆ 616 ಕಿ.ಮೀ. ಜಲಮಾರ್ಗದ ಯೋಜನೆ ಇದೆ. ಅದರಲ್ಲಿ ಕೊಲ್ಲಂನಿಂದ ಕೋಝಿಕ್ಕೋಡ್‌ವರೆಗಿನ 365 ಕಿ.ಮೀ. ರಾಷ್ಟ್ರೀಯ ಜಲಮಾರ್ಗ. ನಮ್ಮ ಕಡೆ ವಲಿಯಪರಂಬದ ಹಿನ್ನೀರು ತಾನಾಗಿಯೇ ದಾರಿ ಕೊಟ್ಟಿದೆ. ನೀಲೇಶ್ವರ ದಾಟಿದ ಮೇಲೆ ಹಾಗಲ್ಲ. ಹೊಳೆಗಳೆಲ್ಲ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತವೆ, ದೋಣಿ ಹೋಗಬೇಕಾದ್ದು ಉತ್ತರಕ್ಕೆ. ನಡುವಿನ ನೆಲ ಅಗೆದು ಕಾಲುವೆ ಮಾಡದೆ ದಾರಿಯಿಲ್ಲ. ನಿಮ್ಮ ಕುಂಬಳೆಯಂತೂ ಬೇಕಲದಿಂದಲೂ ಆಚೆ.

ಅಡಿಕೆಗೆ ಲಾರಿಯೇ ಸರಿ. ತೂಕ ಕಡಿಮೆ, ಬೆಲೆ ಜಾಸ್ತಿ, ತೋಟದಿಂದ ನೇರ ಮಂಡಿಗೆ ಹೋಗಬೇಕು. ದೋಣಿಗೆ ಹಾಕಿದರೆ ಎರಡೆರಡು ಸಲ ಹೇರಿ ಇಳಿಸುವ ಕೂಲಿ ಮೈಮೇಲೆ ಬರುತ್ತದೆ. ಸಿಮೆಂಟು, ಜಲ್ಲಿಗೆ ಬಾರ್ಜ್ ಒಪ್ಪುತ್ತದೆ. ಭಾರ ಹೆಚ್ಚು, ಅವಸರ ಇಲ್ಲ. ಆದರೆ ಎರಡೂ ತುದಿಯಲ್ಲಿ ಜೆಟ್ಟಿ ಬೇಕು, ಮರಳುವಾಗಲೂ ಹೇರು ಸಿಗಬೇಕು. ಸದ್ಯಕ್ಕೆ ಇಲ್ಲಿ ಅಂಥ ಸರಕು ನನಗೆ ಕಾಣುತ್ತಿಲ್ಲ. ಮೊದಲು ಬರುವುದು ಪ್ರವಾಸಿ ದೋಣಿಯೇ.

ಹಾಗಂತ ಸುಮ್ನೆ ಕೂರುವುದು ಬೇಡ. ತಗ್ಗಾಗಿ ಕಟ್ಟಿದ ಒಂದು ಸೇತುವೆ ಸಾಕು, ಹೊಳೆಯ ದಾರಿ ಎರಡು ತಲೆಮಾರಿಗೆ ಮುಚ್ಚುತ್ತದೆ. ನಿಮ್ಮ ಪರಿಚಯದವರು ಆ ದಾರಿಯ ಊರುಗಳಲ್ಲಿದ್ದರೆ ಅವರಿಗೆ ಹೇಳಿ: ಹೊಸ ಸೇತುವೆಯ ಮಾತು ಬಂದಾಗ, ಮಳೆಗಾಲದ ನೀರಿನ ಮಟ್ಟದಿಂದ ಅದರ ಅಡಿಗೆ ಎಷ್ಟು ಎತ್ತರ ಬಿಡುತ್ತೀರಿ ಎಂದು ಗ್ರಾಮಸಭೆಯಲ್ಲೇ ಕೇಳಲಿ.