ಕಂಪ್ಯೂಟರ್ ಬಂದ ಮೇಲೆ ಮಧ್ಯಮ ಸಂಬಳದ ಕೆಲಸಗಳಿಗೇ ಯಾಕೆ ಜಾಸ್ತಿ ಪೆಟ್ಟು ಬಿತ್ತು?

ಕಂಪ್ಯೂಟರ್ ಮೊದಲು ಕಿತ್ತುಕೊಂಡಿದ್ದು ಕಡಿಮೆ ಸಂಬಳದ ಕೆಲಸವನ್ನಲ್ಲ, ಹೀಗೇ ಮಾಡಬೇಕು ಅಂತ ನಿಯಮ ಬರೆದಿಡಬಹುದಾದ ಕೆಲಸವನ್ನು. ಅಂಥ ಕೆಲಸ ಜಾಸ್ತಿ ಇದ್ದದ್ದು ನಡುವಿನ ಸಂಬಳದವರ ಹತ್ತಿರ: ಗುಮಾಸ್ತರು, ಟೈಪಿಸ್ಟರು, ಲೆಕ್ಕ ಬರೆಯುವವರು. ನಿಯಮ ಬರೆದಿಡಬಹುದಾದ ಕೆಲಸ ಕಂಪ್ಯೂಟರ್ ಪಾಲಾಗುವುದನ್ನು ಅರ್ಥಶಾಸ್ತ್ರಜ್ಞರಾದ ಡೇವಿಡ್ ಆಟರ್, ಫ್ರಾಂಕ್ ಲೆವಿ, ರಿಚರ್ಡ್ ಮರ್ನೇನ್ 2003ರಲ್ಲಿ ಅಮೆರಿಕದ ಅಂಕಿಅಂಶ ಇಟ್ಟುಕೊಂಡು ವಿವರಿಸಿದರು.

ಒಂದು ಲೆಕ್ಕದ ಹಾಳೆ ನೆನೆಸಿಕೊಳ್ಳಿ. ಮೇಲಿನ ಒಂದು ಅಂಕಿ ಬದಲಾದರೂ ಗುಮಾಸ್ತರು ಕೆಳಗಿನ ಮೊತ್ತಗಳನ್ನೆಲ್ಲ ಅಳಿಸಿ, ಮತ್ತೆ ಕೂಡಿ ಬರೆಯಬೇಕಿತ್ತು. 1979ರಲ್ಲಿ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ಬಂತು. ಅದೇ ಕೆಲಸ ಕ್ಷಣದಲ್ಲಿ ಮುಗಿಯತೊಡಗಿತು. ಲೆಕ್ಕ ನೋಡಿ ತೀರ್ಮಾನ ಮಾಡುವವರಿಗೆ ಇದರಿಂದ ಬಲ ಬಂತು, ಅವರ ಬೆಲೆಯೂ ಏರಿತು. ಕೂಡಿ ಬರೆಯುತ್ತಿದ್ದವರ ಕೈ ಖಾಲಿಯಾಯಿತು.

ನೆಲ ಒರೆಸುವ ಕೆಲಸ? ಕುರ್ಚಿ ಸರಿಸಿ, ಮೂಲೆಯ ಜಿಡ್ಡು ನೋಡಿ, ಬಟ್ಟೆ ಹಿಂಡಿ ಒರೆಸುವುದನ್ನು ಯಂತ್ರಕ್ಕೆ ಹೇಳಿಕೊಡುವುದು ಬಹಳ ಕಷ್ಟ. ಅದು ಉಳಿಯಿತು. ಆದರೆ ನಡುವಿನ ಕೆಲಸ ಕಳೆದುಕೊಂಡವರೂ ಅಲ್ಲಿಗೇ ಬಂದರೆ ಕೂಲಿ ಏರುವುದು ಹೇಗೆ? ನನಗೆ ತುಂಬಾ ನೋವಾಗುವುದು ಇಲ್ಲೇ.

ಈಗಿನ ಎಐ ನಿಯಮ ಬರೆದುಕೊಡದಿದ್ದರೂ ಉದಾಹರಣೆಗಳಿಂದಲೇ ಕಲಿಯುತ್ತದೆ. ಹಾಗಾಗಿ ಬರವಣಿಗೆ, ಅನುವಾದ, ಕೋಡಿಂಗ್ ಮಾಡುವವರಿಗೂ ಬಿಸಿ ತಟ್ಟುತ್ತಿದೆ.