ಕರೆಂಟು ಉಳಿಸುವ ಸೀಲಿಂಗ್ ಫ್ಯಾನ್ ಆರಿಸುವಾಗ ಏನನ್ನು ನೋಡಬೇಕು?

ಬಣ್ಣ, ವಿನ್ಯಾಸಗಳಿಗಿಂತ ಮೊದಲು ಬಿಇಇ (ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ) ಸ್ಟಾರ್ ಲೇಬಲ್ ಓದಬೇಕು. ಭಾರತದಲ್ಲಿ ಸೀಲಿಂಗ್ ಫ್ಯಾನುಗಳಿಗೆ ಇದು 2023ರ ಜನವರಿಯಿಂದ ಕಡ್ಡಾಯವಾಗಿದೆ. ನಕ್ಷತ್ರಗಳ ಜೊತೆಗೆ ಅದರಲ್ಲಿರುವ ‘ಸರ್ವಿಸ್ ವ್ಯಾಲ್ಯೂ’ವನ್ನೂ ಗಮನಿಸಬೇಕು: ಫ್ಯಾನು ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಬೀಸುತ್ತದೆಯೋ ಅದನ್ನು ಬಳಸುವ ವ್ಯಾಟ್‌ನಿಂದ ಭಾಗಿಸಿದಾಗ ಬರುವ ಸಂಖ್ಯೆ ಅದು. ವ್ಯಾಟ್ ಕಡಿಮೆಯೆಂದು ಮಾತ್ರ ನೋಡಿ ಕೊಂಡರೆ ಗಾಳಿಯೂ ಕಡಿಮೆಯಾದೀತು.

48 ಇಂಚಿನ, ಅಂದರೆ 1200 ಮಿಲಿಮೀಟರಿನ, ಹಳೆಯ ಇಂಡಕ್ಷನ್ ಮೋಟಾರಿನ ಫ್ಯಾನು ಸುಮಾರು 75 ವ್ಯಾಟ್ ಎಳೆದರೆ, ಅದೇ ಅಳತೆಯ ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟಾರಿನ) ಫ್ಯಾನಿಗೆ 30 ವ್ಯಾಟ್ ಆಸುಪಾಸು ಸಾಕು. ದಿನಕ್ಕೆ 12 ಗಂಟೆಯಂತೆ 300 ದಿನ ಓಡಿಸಿದರೆ ವರ್ಷಕ್ಕೆ 162 ಯೂನಿಟ್ ಉಳಿಯುತ್ತದೆ. ಆದ್ದರಿಂದ ರಾತ್ರಿಯಿಡೀ ತಿರುಗುವ ಮಲಗುವ ಕೋಣೆಯ ಫ್ಯಾನನ್ನೇ ಮೊದಲು ಬದಲಿಸುವುದು ಸರಿ, ನೆಂಟರು ಬಂದಾಗ ಮಾತ್ರ ಬಳಸುವ ಕೋಣೆಗೆ ಹೆಚ್ಚಿನ ಬೆಲೆ ತೆತ್ತು ಪ್ರಯೋಜನವಿಲ್ಲ.

ಕೊಳ್ಳುವ ಮುನ್ನ ರೆಗ್ಯುಲೇಟರ್ ಬಗ್ಗೆ ಕೇಳಿಕೊಳ್ಳಿ. ಬಿಎಲ್‌ಡಿಸಿ ಫ್ಯಾನಿನ ವೇಗವನ್ನು ಸಾಮಾನ್ಯವಾಗಿ ರಿಮೋಟಿನಿಂದ ಬದಲಿಸುವುದರಿಂದ, ಗೋಡೆಯಲ್ಲಿರುವ ಹಳೆಯ ರೆಗ್ಯುಲೇಟರನ್ನು ತೆಗೆಸಿ ನೇರವಾಗಿ ಸ್ವಿಚ್ಚಿಗೆ ಜೋಡಿಸುವಂತೆ ಎಲೆಕ್ಟ್ರಿಷಿಯನ್‌ಗೆ ಹೇಳಬೇಕಾಗುತ್ತದೆ.