ಹೋಳಿಗೆ ಬಂದ ಇರುವೆಗಳು

ಪ್ರಶ್ನೆ: ನಮ್ಮದು ಧಾರವಾಡ. ಪುಣೆಯ ಕೋಥ್ರೂಡಿಗೆ ಬಂದು ಎರಡು ವರ್ಷ ಆಯಿತು. ಡಿಸೆಂಬರ್, ಜನವರಿಯಲ್ಲಿ ಅಡುಗೆಮನೆಯಲ್ಲಿ ಒಂದು ಇರುವೆಯೂ ಕಾಣಲಿಲ್ಲ. ಈಗ ಹೋಳಿ ಹುಣ್ಣಿಮೆಗೆ ಹೋಳಿಗೆ ಮಾಡಿಟ್ಟರೆ ಅರ್ಧ ಗಂಟೆಯಲ್ಲೇ ಸಾಲು ಹಿಡಿದು ಬಂದವು. ಜಿರಳೆ, ಸೊಳ್ಳೆಯೂ ಜಾಸ್ತಿ. ಇಷ್ಟು ದಿನ ಇವೆಲ್ಲ ನಿದ್ದೆ ಮಾಡುತ್ತಿದ್ದವು ಅಂತಾರೆ ನಮ್ಮತ್ತೆ. ನಿಜವೇ?

ಉತ್ತರ: ನಿಮ್ಮತ್ತೆ ಹೇಳಿದ್ದು ಮುಕ್ಕಾಲು ಪಾಲು ಸರಿ. ನಿದ್ದೆ ಅನ್ನುವುದಕ್ಕಿಂತ ಮೈ ಮರಗಟ್ಟಿತ್ತು ಅನ್ನಿ. ಅವು ಎಲ್ಲೂ ಹೋಗಿರಲಿಲ್ಲ. ಟೈಲ್ಸ್ ಸಂದಿಯಲ್ಲಿ, ಸಿಂಕಿನ ಕೆಳಗೆ, ಸ್ವಿಚ್ ಬೋರ್ಡಿನ ಹಿಂದೆ ಸುಮ್ನೆ ಕೂತಿದ್ದವು.

ನಮ್ಮ ಮೈಯೊಳಗೆ ಒಂದು ಒಲೆ ಸದಾ ಉರಿಯುತ್ತಿರುತ್ತದೆ. ಹೊರಗೆ 10 ಡಿಗ್ರಿ ಇರಲಿ, 40 ಇರಲಿ, ಒಳಗೆ ಸುಮಾರು 37. ಇರುವೆಗೆ ಆ ಒಲೆ ಇಲ್ಲ. ಗೋಡೆ ಎಷ್ಟು ಬೆಚ್ಚಗಿದೆಯೋ ಅದರ ಮೈಯೂ ಹೆಚ್ಚುಕಡಿಮೆ ಅಷ್ಟೇ. ಮೈಯೊಳಗೆ ನಡೆಯುವ ರಾಸಾಯನಿಕ ಕೆಲಸಗಳ ವೇಗ, ಒಂದು ಮಿತಿಯವರೆಗೆ, ಬಿಸಿ 10 ಡಿಗ್ರಿ ಏರಿದರೆ ಎರಡು ಪಟ್ಟೋ ಮೂರು ಪಟ್ಟೋ ಆಗುತ್ತದೆ. ನಿಮ್ಮ ದೋಸೆ ಹಿಟ್ಟನ್ನೇ ನೋಡಿ. ಜನವರಿಯಲ್ಲಿ ರಾತ್ರಿಯೆಲ್ಲ ಇಟ್ಟರೂ ಉಬ್ಬುವುದಿಲ್ಲ, ಮಾರ್ಚಿನಲ್ಲಿ ಬೆಳಗಾಗುವಷ್ಟರಲ್ಲಿ ಪಾತ್ರೆಯಿಂದ ಉಕ್ಕಿರುತ್ತದೆ. ಹಿಟ್ಟಿನೊಳಗಿನ ಜೀವಿಗಳಿಗೂ ಇರುವೆಗೂ ಲೆಕ್ಕ ಒಂದೇ.

ಇದನ್ನು ಗಡಿಯಾರ ಹಿಡಿದು ಅಳೆದವನು ಒಬ್ಬ ಖಗೋಳ ವಿಜ್ಞಾನಿ! ಹಾರ್ಲೋ ಶ್ಯಾಪ್ಲಿ. ನಮ್ಮ ಸೂರ್ಯ ಆಕಾಶಗಂಗೆಯ ನಡುವೆ ಇಲ್ಲ ಎಂದು ತೋರಿಸಿದವನು ಇವನೇ. ರಾತ್ರಿ ನಕ್ಷತ್ರ ನೋಡುತ್ತಿದ್ದವನು ಹಗಲು ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಬೆಟ್ಟದಲ್ಲಿ ಇರುವೆ ಸಾಲಿನ ಪಕ್ಕ ಕೂರುತ್ತಿದ್ದ. 1920ರಲ್ಲಿ ಲೆಕ್ಕ ಪ್ರಕಟಿಸಿದ. ಬಿಸಿ 30 ಡಿಗ್ರಿ ಏರಿದರೆ ಆ ಇರುವೆಗಳ ಓಟ ಸುಮಾರು 15 ಪಟ್ಟು ಹೆಚ್ಚುತ್ತಿತ್ತು. ಇರುವೆ ಓಡುವ ವೇಗ ನೋಡಿಯೇ ಆ ಹೊತ್ತಿನ ಬಿಸಿ ಎಷ್ಟೆಂದು ಒಂದು ಡಿಗ್ರಿ ಆಚೀಚೆಯಲ್ಲಿ ಹೇಳಬಹುದಿತ್ತು.

ಪುಣೆಯಲ್ಲಿ ಈ ಬದಲಾವಣೆ ಕಣ್ಣಿಗೆ ಹೊಡೆಯುತ್ತದೆ. ಜನವರಿ ರಾತ್ರಿ 10 ಡಿಗ್ರಿಯ ಹತ್ತಿರ ಇಳಿಯುತ್ತದೆ, ಮಾರ್ಚ್ ಮಧ್ಯಾಹ್ನ 35 ದಾಟುತ್ತದೆ. ಮುಂಬೈಯಲ್ಲಿ ನೆಂಟರಿದ್ದರೆ ಕೇಳಿ ನೋಡಿ, ಅಲ್ಲಿ ಅಂಥ ಚಳಿಯೇ ಇಲ್ಲ. ಜಿರಳೆಗೆ ವರ್ಷವಿಡೀ ಹಬ್ಬ.

ಸೊಳ್ಳೆಯದು ಇನ್ನೊಂದು ಕಥೆ. ಅದು ಚುರುಕಾಗುವುದು ಮಾತ್ರವಲ್ಲ, ಸಂತಾನವೂ ಬೇಗ ಬೆಳೆಯುತ್ತದೆ. ಡೆಂಗಿ ಹರಡುವ ಸೊಳ್ಳೆ ತಣ್ಣನೆಯ ನೀರಿನಲ್ಲಿ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಎರಡು ಮೂರು ವಾರ ತೆಗೆದುಕೊಂಡರೆ, 28 ಡಿಗ್ರಿಯ ಆಸುಪಾಸಿನಲ್ಲಿ ಎಂಟು ಹತ್ತು ದಿನ ಸಾಕು. 2024ರ ಫೆಬ್ರವರಿಯಲ್ಲಿ ಕೇಶವನಗರ, ಖರಾಡಿ ಕಡೆ ನದಿಯ ಮೇಲೆ ಸುಂಟರಗಾಳಿಯ ಹಾಗೆ ಎದ್ದ ಹುಳಗಳ ಕಂಬದ ವಿಡಿಯೊ ನೀವೂ ನೋಡಿರಬಹುದು. ಅಂಥ ಕಂಬ ಕಟ್ಟುವುದು ಸಾಮಾನ್ಯವಾಗಿ ಹೆಣ್ಣಿಗೆ ಕಾದಿರುವ ಗಂಡು ಹುಳಗಳು. ನಿಂತ ನೀರು, ಮೇಲೆ ಅಂತರಗಂಗೆ (ಇಲ್ಲಿನವರು ಜಲಪರ್ಣಿ ಅನ್ನುತ್ತಾರೆ), ಜೊತೆಗೆ ಬಿಸಿಲು. ಇನ್ನೇನು ಬೇಕು ಅವಕ್ಕೆ?

ಹಾಗಂತ ಬಿಸಿಲು ಏರಿದಷ್ಟೂ ಒಳ್ಳೆಯದೇನಲ್ಲ. ಏಪ್ರಿಲ್ ಮಧ್ಯಾಹ್ನ 40 ಮುಟ್ಟಿದಾಗ ಅವೂ ನಮ್ಮಂತೆ ನೆರಳು ಹುಡುಕುತ್ತವೆ.

ಈಗ ಕೆಲಸದ ಮಾತು. ಅಟ್ಟದಿಂದ ಕೂಲರ್ ಇಳಿಸಿದ್ದೀರಾ? ನೀರು ತುಂಬುವ ಮೊದಲು ಟ್ಯಾಂಕಿನ ಒಳಗೋಡೆ ನೋಡಿ. ಕಳೆದ ವರ್ಷದ ನೀರಿನ ಗೆರೆಯ ಮೇಲೆ ಗಸಗಸೆಗಿಂತ ಸಣ್ಣ ಕಪ್ಪು ಚುಕ್ಕೆಗಳಿದ್ದರೆ ಅವು ಡೆಂಗಿ ಸೊಳ್ಳೆಯ ಮೊಟ್ಟೆ ಇರಬಹುದು. ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ, ನೀರು ತಾಗಿದ ಕೂಡಲೇ ಮರಿಯಾಗುತ್ತವೆ. ಸುಮ್ನೆ ತೊಳೆದರೆ ಬಿಡುವುದಿಲ್ಲ. ಬ್ರಷ್ ಹಿಡಿದು ಉಜ್ಜಿ, ಆಮೇಲೂ ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ.

ಹೋಳಿಗೆ ಡಬ್ಬಿಯನ್ನು ನೀರು ಹಾಕಿದ ತಟ್ಟೆಯಲ್ಲಿಡಿ. ಇರುವೆ ಬಂದ ದಾರಿಯನ್ನು ಸೋಪಿನ ನೀರಿನಿಂದ ಒರೆಸಿ. ಮುಂದಿನ ಇರುವೆ ಬರುವುದು ಮೊದಲಿನದು ಬಿಟ್ಟ ವಾಸನೆ ಹಿಡಿದೇ.